ಹಾಲಿನ ಹೆಸರಿನ ಊರು

ಸಿರಿಯಾ ದೇಶದ ಉತ್ತರ ಭಾಗದಲ್ಲಿ, ಯೂಫ್ರಟಿಸ್ ನದಿಗೂ ಮೆಡಿಟರೇನಿಯನ್ ಸಮುದ್ರಕ್ಕೂ ನಡುವೆ ಆಲೆಪ್ಪೊ ನಗರವಿದೆ. ಆ ನಾಡಿನವರು ಅದನ್ನು 'ಹಲಬ್' ಎಂದು ಕರೆಯುವರು. ಅರಬ್ಬೀ ಭಾಷೆಯಲ್ಲಿ ಆ ಶಬ್ದಕ್ಕೆ ಹಾಲು ಕರೆಯುವುದೆಂಬ ಅರ್ಥವುಂಟು. ಪ್ರವಾದಿ ಇಬ್ರಾಹಿಮನು ಅಲ್ಲಿಯ ಗುಡ್ಡದ ಮೇಲೆ ಹಸುವನ್ನು ಕರೆದು ಬಡವರಿಗೆ ಹಾಲು ಹಂಚಿದನೆಂಬುದು ಊರಿನ ಐತಿಹ್ಯ. ಕನ್ನಡದ 'ಹಾಲಿ'ಗೂ ಈ ಹೆಸರಿಗೂ ನಂಟಿಲ್ಲ. ಆದರೂ ಕನ್ನಡಿಗರ ಕಿವಿಗೆ ಅದು ತೀರ ಪರಕೀಯವೆನಿಸದು. ಹೆಸರಾದರೋ ಬಲು ಹಳೆಯದು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಮಣ್ಣಿನ ಫಲಕಗಳಲ್ಲಿಯೇ ಕಾಣಸಿಗುತ್ತದೆ.

ಈ ಊರಿಗೆ ಐಶ್ವರ್ಯವನ್ನು ತಂದದ್ದು ವ್ಯಾಪಾರ. ಪರ್ಷಿಯದ ರೇಷ್ಮೆ, ಭಾರತದ ಮೆಣಸು ಮತ್ತು ನೀಲಿ ಒಂಟೆಗಳ ಬೆನ್ನೇರಿ ಇಲ್ಲಿಗೆ ಬರುತ್ತಿದ್ದವು. 1583ರಲ್ಲಿ ಲಂಡನ್ನಿನಿಂದ ಹೊರಟ ವರ್ತಕ ರಾಲ್ಫ್ ಫಿಚ್ ಆಲೆಪ್ಪೊವನ್ನು ಹಾದು, ಮುಂದೆ ಗೋವೆಯಲ್ಲಿ ಪೋರ್ಚುಗೀಸರ ಸೆರೆಗೆ ಸಿಕ್ಕಿ, ತಪ್ಪಿಸಿಕೊಂಡು ಆದಿಲಶಾಹಿಗಳ ಬಿಜಾಪುರವನ್ನು ಕಂಡನು. ಹೀಗೆ ಆ ದೂರದ ಪೇಟೆಯ ದಾರಿಯ ಒಂದು ಕವಲು ನಮ್ಮ ನಾಡಿನವರೆಗೂ ಬಂದಿತ್ತು.

ಕೋಟೆಯ ಬುಡದಲ್ಲಿ ಹಬ್ಬಿದ ಕಲ್ಲಿನ ಕಮಾನುಗಳ ಬಜಾರುಗಳನ್ನು ಒಂದಕ್ಕೊಂದು ಜೋಡಿಸಿದರೆ ಸುಮಾರು 13 ಕಿಲೋಮೀಟರ್ ಉದ್ದವಾಗುತ್ತಿತ್ತು. ಅಂಗಡಿಗಳ ಬಾಡಿಗೆಯ ಹಣ ಎಷ್ಟೋ ಕಡೆ ಧರ್ಮದತ್ತಿಯಾಗಿ ಮಸೀದಿಗೆ, ಪಾಠಶಾಲೆಗೆ, ಆಸ್ಪತ್ರೆಗೆ ಸಲ್ಲುತ್ತಿತ್ತು. ಆದುದರಿಂದ ಪೇಟೆ ತೆರೆದಿದ್ದರೆ ಊರು ಬದುಕುತ್ತಿತ್ತು. 1138ರಲ್ಲಿ ಭೂಕಂಪವಾಯಿತು, 1260ರಲ್ಲಿ ಮಂಗೋಲರು, 1400ರಲ್ಲಿ ತೈಮೂರನು ಊರನ್ನು ಸೂರೆಗೊಂಡರು. ಪ್ರತಿಸಲವೂ ಅಂಗಡಿಕಾರನು ಮರಳಿ ಬಂದು ಬಾಗಿಲು ತೆರೆದನು; ಊರು ಮತ್ತೆ ಎದ್ದಿತು.

ಆ ಪೇಟೆಯ ಹೆಸರುವಾಸಿ ಸರಕು ಸಾಬೂನು. ಅಲ್ಲಿಯ ಭಾಷೆಯಲ್ಲಿಯೂ ಅದರ ಹೆಸರು 'ಸಾಬೂನ್' ಎಂದೇ. ಆಲಿವ್ ಎಣ್ಣೆಯನ್ನು ಕ್ಷಾರದೊಡನೆ ದೊಡ್ಡ ಕೊಪ್ಪರಿಗೆಯಲ್ಲಿ ದಿನಗಟ್ಟಲೆ ಕುದಿಸಿ, ಲಾರೆಲ್ ಹಣ್ಣಿನ ಎಣ್ಣೆಯನ್ನು ಬೆರೆಸಿ, ಹಸಿರು ಪಾಕವನ್ನು ನೆಲದ ಮೇಲೆ ಹರಡುವರು. ಆರಿದ ಮೇಲೆ ಕತ್ತರಿಸಿ, ತಯಾರಕನ ಮುದ್ರೆಯೊತ್ತಿ, ಗಾಳಿಯಾಡುವಂತೆ ಗೋಪುರದ ಹಾಗೆ ಪೇರಿಸಿ ತಿಂಗಳುಗಟ್ಟಲೆ ಒಣಗಿಸುವರು. ಹೊರಮೈ ಹೊನ್ನಿನ ಬಣ್ಣಕ್ಕೆ ತಿರುಗುವುದು. ಒಳಗೆ ಹಸಿರು ಉಳಿಯುವುದು. ಪಾಕದ ಹದವನ್ನು ತಿಳಿಯಲು ಪುಸ್ತಕ ಸಾಲದು. ತಂದೆಯ ಬಳಿ ಮಗ ನಿಂತು ಕಲಿಯಬೇಕು.

2012ರ ಜುಲೈಯಲ್ಲಿ ಅಂತರ್ಯುದ್ಧ ಈ ಊರನ್ನು ಹೊಕ್ಕಿತು. ಪೂರ್ವದ ಕೇರಿಗಳು ಬಂಡಾಯಗಾರರಿಗೆ, ಪಶ್ಚಿಮದವು ಸರ್ಕಾರಕ್ಕೆ ಎಂದು ನಗರ ಎರಡಾಗಿ ಸೀಳಿತು. ಅದೇ ಸೆಪ್ಟೆಂಬರಿನಲ್ಲಿ ಬಜಾರುಗಳಿಗೆ ಬೆಂಕಿ ಬಿದ್ದಿತು. ಹನ್ನೊಂದನೆಯ ಶತಮಾನದಿಂದ ನಿಂತಿದ್ದ ದೊಡ್ಡ ಮಸೀದಿಯ ಮಿನಾರು 2013ರ ಏಪ್ರಿಲಿನಲ್ಲಿ ಉರುಳಿತು. 2016ರ ಡಿಸೆಂಬರಿನಲ್ಲಿ ಸರ್ಕಾರ ಇಡೀ ನಗರವನ್ನು ವಶಪಡಿಸಿಕೊಳ್ಳುವ ವೇಳೆಗೆ ಪೂರ್ವಭಾಗ ಬಹುಮಟ್ಟಿಗೆ ಹಾಳುಬಿದ್ದಿತ್ತು. 2023ರ ಫೆಬ್ರವರಿಯ ಭೂಕಂಪ ಉಳಿದವರನ್ನೂ ಬೀದಿಗೆ ತಂದಿತು. 2024ರ ನವೆಂಬರಿನ ಕೊನೆಯಲ್ಲಿ ಊರು ಮತ್ತೊಮ್ಮೆ ಕೈಬದಲಾಯಿತು. ಕೆಲವೇ ದಿನಗಳಲ್ಲಿ ದೇಶದ ಆಡಳಿತವೇ ಬದಲಾಯಿತು.

ಕಮಾನುಗಳನ್ನು ಮರಳಿ ಕಟ್ಟುವುದು ಅಸಾಧ್ಯವಲ್ಲ. ಸಕತಿಯ್ಯ ಎಂಬ ಬಜಾರು 2019ರಲ್ಲಿಯೇ ಜೀರ್ಣೋದ್ಧಾರಗೊಂಡು ತೆರೆಯಿತು. ಕಷ್ಟವಿರುವುದು ಬೇರೆಡೆ. ಸಾಬೂನು ಬೇಯಿಸುತ್ತಿದ್ದ ಮನೆತನಗಳಲ್ಲಿ ಹಲವು ತುರ್ಕಿಯ ಗಾಜಿಯಾಂಟೆಪ್, ಮೆರ್ಸಿನ್ ಮೊದಲಾದ ಊರುಗಳಿಗೆ ಹೋಗಿ ಅಲ್ಲಿಯೇ ಕೊಪ್ಪರಿಗೆ ಹೂಡಿದವು. ಅಲ್ಲಿ ಹುಟ್ಟಿದ ಮಕ್ಕಳಿಗೆ ಹಲಬ್ ಅಜ್ಜನ ಬಾಯಿಯ ಮಾತು ಮಾತ್ರ. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಸಾಬೂನಿನ ಕಸುಬನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವವೇನೋ ದೊಡ್ಡದು. ಆದರೆ ಕಸುಬು ಉಳಿಯುವುದು ಪಟ್ಟಿಯಲ್ಲಲ್ಲ, ಕೈಯಲ್ಲಿ.

ತೈಮೂರನ ಸೂರೆಯ ತರುವಾಯ ಹಲಬ್ ಮತ್ತೆ ಎದ್ದದ್ದು ಓಡಿಹೋದವರು ಹಿಂತಿರುಗಿದ್ದರಿಂದ. ಈ ಸಲವೂ ಊರು ಕಾಯುತ್ತಿರುವುದು ಕಲ್ಲಿಗಾಗಿ ಅಲ್ಲ, ಅವರಿಗಾಗಿ.