ಭಾರತೀಯ ರೂಪಾಯಿ ಮತ್ತು ಯುಎಇ ದಿರ್ಹಮ್ ವಿನಿಮಯ ದರ

ಭಾರತೀಯ ರೂಪಾಯಿ ಮತ್ತು ಯುಎಇ ದಿರ್ಹಮ್ ವಿನಿಮಯ ದರ ಎಂದರೆ ಸಂಯುಕ್ತ ಅರಬ್ ಸಂಸ್ಥಾನದ ಒಂದು ದಿರ್ಹಮ್‌ಗೆ ದೊರೆಯುವ ಭಾರತೀಯ ರೂಪಾಯಿಗಳ ಮೊತ್ತ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಕುಟುಂಬಗಳಿರುವ ಕರಾವಳಿ ಕರ್ನಾಟಕದಲ್ಲಿ, ವಿಶೇಷವಾಗಿ ಮಂಗಳೂರಿನ ಬೋಳಾರ, ಬಂದರು, ಕುದ್ರೋಳಿ ಮೊದಲಾದ ಬಡಾವಣೆಗಳಲ್ಲಿ, ಈ ದರವು ಮನೆಯ ತಿಂಗಳ ಲೆಕ್ಕಾಚಾರದ ಭಾಗವಾಗಿದೆ. ಎರಡೂ ಉದಯೋನ್ಮುಖ ಮಾರುಕಟ್ಟೆಗಳ ಕರೆನ್ಸಿಗಳಾದರೂ ಅವುಗಳ ಸ್ವಭಾವ ಒಂದೇ ಅಲ್ಲ. ದಿರ್ಹಮ್ ಅಮೆರಿಕದ ಡಾಲರಿಗೆ ಸ್ಥಿರ ದರದಲ್ಲಿ ಜೋಡಣೆಗೊಂಡಿದೆ. ರೂಪಾಯಿಯ ಬೆಲೆಯನ್ನು ಮಾರುಕಟ್ಟೆ ನಿರ್ಧರಿಸುತ್ತದೆ.

ಒಂದೇ ನಾಣ್ಯದ ಕಾಲ

ಈ ಎರಡು ಕರೆನ್ಸಿಗಳಿಗೆ ಸಮಾನ ಮೂಲವಿದೆ ಎಂಬುದು ಇಂದು ಬಹುಮಟ್ಟಿಗೆ ಮರೆತುಹೋಗಿರುವ ಸಂಗತಿ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ದುಬೈ, ಅಬುಧಾಬಿ, ಕತಾರ್, ಬಹ್ರೇನ್ ಮತ್ತು ಕುವೈತ್‌ಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಕೊಲ್ಲಿಯಿಂದ ಚಿನ್ನ ಕಳ್ಳಸಾಗಣೆಯಾಗಿ ಬಂದು, ಅದಕ್ಕೆ ಪಾವತಿಯಾಗಿ ಹೋದ ರೂಪಾಯಿ ನೋಟುಗಳು ಅಧಿಕೃತ ಮಾರ್ಗದಲ್ಲಿ ಪೌಂಡುಗಳಾಗಿ ಪರಿವರ್ತನೆಯಾಗುತ್ತಿದ್ದವು. ಭಾರತದ ವಿದೇಶಿ ವಿನಿಮಯ ಸಂಗ್ರಹ ಹೀಗೆ ಸೋರಿಹೋಗುವುದನ್ನು ತಡೆಯಲು 1959ರಲ್ಲಿ ಕೊಲ್ಲಿ ಪ್ರದೇಶಕ್ಕೆಂದೇ ಪ್ರತ್ಯೇಕ ನೋಟುಗಳನ್ನು ಹೊರತರಲಾಯಿತು. 'ಗಲ್ಫ್ ರೂಪಾಯಿ' ಎಂದು ಹೆಸರಾದ ಈ ನೋಟುಗಳ ಬಣ್ಣ ಬೇರೆಯಾಗಿದ್ದು, ಕ್ರಮಸಂಖ್ಯೆಗೆ 'ಝಡ್' ಅಕ್ಷರ ಸೇರಿತ್ತು. ಅವು ಭಾರತದೊಳಗೆ ಚಲಾವಣೆಗೆ ಯೋಗ್ಯವಾಗಿರಲಿಲ್ಲ.

ಕುವೈತ್ 1961ರಲ್ಲಿ ಮತ್ತು ಬಹ್ರೇನ್ 1965ರಲ್ಲಿ ಸ್ವಂತ ದಿನಾರನ್ನು ಜಾರಿಗೆ ತಂದವು. ಉಳಿದವುಗಳ ಪಾಲಿಗೆ ನಿರ್ಣಾಯಕವಾದುದು 1966ರ ಜೂನ್ 6ರ ಅಪಮೌಲ್ಯ. ಅಂದು ಡಾಲರಿನ ಬೆಲೆ 4.76 ರೂಪಾಯಿಯಿಂದ 7.50 ರೂಪಾಯಿಗೆ ಏರಿತು. ದೆಹಲಿಯ ಈ ಒಂದು ತೀರ್ಮಾನದಿಂದ ಕೊಲ್ಲಿಯ ವರ್ತಕರ ಉಳಿತಾಯವೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗುವಂತಿತ್ತು. ಕತಾರ್ ಮತ್ತು ದುಬೈ ಅದೇ ವರ್ಷ ಜಂಟಿಯಾಗಿ ಹೊಸ ರಿಯಾಲನ್ನು ತಂದು, ಅದರ ಬೆಲೆಯನ್ನು ಅಪಮೌಲ್ಯಕ್ಕೆ ಮುಂಚಿನ ರೂಪಾಯಿಗೆ ಸಮನಾಗಿ ಇರಿಸಿದವು. ಅಬುಧಾಬಿ ಬಹ್ರೇನಿನ ದಿನಾರನ್ನು ಒಪ್ಪಿಕೊಂಡಿತು. 1973ರ ಮೇ 19ರಂದು ಜಾರಿಗೆ ಬಂದ ದಿರ್ಹಮ್, ದುಬೈನಲ್ಲಿ ಆ ರಿಯಾಲಿನ ಸ್ಥಾನವನ್ನು ಒಂದಕ್ಕೆ ಒಂದರಂತೆ ಪಡೆಯಿತು. ಆದುದರಿಂದ ದಿರ್ಹಮ್ಮನ್ನು 1966ರ ಅಪಮೌಲ್ಯಕ್ಕೆ ಒಳಗಾಗದೆ ಉಳಿದ ರೂಪಾಯಿ ಎಂದು ಕರೆದರೂ ತಪ್ಪಾಗದು.

ದರದ ಏರಿಕೆ

ದಿರ್ಹಮ್ ಹುಟ್ಟಿದ ವರ್ಷ ಅದರ ಬೆಲೆ ಸುಮಾರು ಎರಡು ರೂಪಾಯಿ ಇತ್ತು. 1970 ಮತ್ತು 80ರ ದಶಕಗಳಲ್ಲಿ ಅಧಿಕೃತ ದರ ನಿಧಾನವಾಗಿ ಏರಿತಾದರೂ, ವಿದೇಶಿ ವಿನಿಮಯದ ಮೇಲೆ ಬಿಗಿ ನಿಯಂತ್ರಣವಿದ್ದುದರಿಂದ ಅದಕ್ಕಿಂತ ಹೆಚ್ಚಿನ ದರ ನೀಡುವ ಹವಾಲಾ ವ್ಯವಹಾರವೂ ಬೆಳೆಯಿತು. 1991ರ ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಿದಾಗ ದಿರ್ಹಮ್ ಸುಮಾರು 5.70 ರೂಪಾಯಿಯಿಂದ 7 ರೂಪಾಯಿಗೆ ಜಿಗಿಯಿತು. 1993ರ ಮಾರ್ಚಿನಲ್ಲಿ ಮಾರುಕಟ್ಟೆ ನಿರ್ಧರಿಸುವ ಏಕೀಕೃತ ದರ ಬಂದ ಬಳಿಕ ಬ್ಯಾಂಕು ಮತ್ತು ಹವಾಲಾ ದರಗಳ ಅಂತರ ಕುಗ್ಗಿತು.

1997ರ ನವೆಂಬರಿನಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂಬ ದರ ಬದಲಾಗಿಲ್ಲ. ಹೀಗಾಗಿ ದಿರ್ಹಮ್‌ನ ರೂಪಾಯಿ ಬೆಲೆ ತಿಳಿಯಲು ಡಾಲರಿನ ರೂಪಾಯಿ ಬೆಲೆಯನ್ನು 3.6725ರಿಂದ ಭಾಗಿಸಿದರೆ ಸಾಕು. 2008ರ ಆರಂಭದಲ್ಲಿ ರೂಪಾಯಿ ಬಲಗೊಂಡು ದಿರ್ಹಮ್ 11 ರೂಪಾಯಿಗಿಂತ ಕೆಳಗಿಳಿದಿತ್ತು. 2013ರ ಆಗಸ್ಟಿನಲ್ಲಿ ಡಾಲರು 68 ರೂಪಾಯಿ ದಾಟಿದಾಗ 18.50 ರೂಪಾಯಿ ಮೀರಿತು. 2025ರ ಡಿಸೆಂಬರಿನಲ್ಲಿ ಡಾಲರು 90 ರೂಪಾಯಿ ಮುಟ್ಟಿದಾಗ ದಿರ್ಹಮ್ ಸುಮಾರು 24.50 ರೂಪಾಯಿ ತಲುಪಿತು. ಇಂತಹ ಸಂದರ್ಭಗಳಲ್ಲಿ 'ದಿರ್ಹಮ್ ಏರಿತು' ಎಂಬ ಮಾತು ಸಾಮಾನ್ಯ. ವಾಸ್ತವದಲ್ಲಿ ದಿರ್ಹಮ್ ಇದ್ದಲ್ಲೇ ಇರುತ್ತದೆ, ಇಳಿಯುವುದು ರೂಪಾಯಿ.

ಕುಟುಂಬಗಳ ಮೇಲಿನ ಪರಿಣಾಮ

ಮಂಗಳಾದೇವಿ ದೇವಾಲಯವಿರುವ ಬೋಳಾರವು ನೇತ್ರಾವತಿಯ ದಂಡೆಯ ಹೆಂಚಿನ ಕಾರ್ಖಾನೆಗಳಿಗೆ ಹೆಸರಾಗಿತ್ತು. ತಾರಸಿ ಮನೆಗಳು ಹೆಚ್ಚಿದಂತೆ ಆ ಉದ್ಯಮ ಕುಗ್ಗಿತು. ದುಡಿಯುವ ವಯಸ್ಸಿನವರಿಗೆ ಆ ಹೊತ್ತಿಗೆ ಕೊಲ್ಲಿಯ ದಾರಿ ತೆರೆದಿತ್ತು. ಅಬುಧಾಬಿಯಲ್ಲಿ 1980ರಲ್ಲಿ ಆರಂಭವಾದ ಯುಎಇ ಎಕ್ಸ್‌ಚೇಂಜ್ ಎಂಬ ಹಣ ರವಾನೆ ಸಂಸ್ಥೆಯನ್ನು ಬೆಳೆಸಿದವರು ಉಡುಪಿ ಮೂಲದ ಬಿ. ಆರ್. ಶೆಟ್ಟಿ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಸಂಚಾರ 2006ರಲ್ಲಿ ಆರಂಭವಾಯಿತು.

ರೂಪಾಯಿ ಕುಸಿದಾಗ ಇಂತಹ ಕುಟುಂಬಗಳಿಗೆ ಲಾಭವೆಂಬ ಅಭಿಪ್ರಾಯ ಅರ್ಧ ಮಾತ್ರ ನಿಜ. ತಿಂಗಳಿಗೆ 1,000 ದಿರ್ಹಮ್ ಮನೆಗೆ ಬರುತ್ತಿದ್ದರೆ 1991ರ ಜೂನ್‌ನಲ್ಲಿ ಅದು ಸುಮಾರು 5,700 ರೂಪಾಯಿ, 2023ರ ಜೂನ್‌ನಲ್ಲಿ ಸುಮಾರು 22,400 ರೂಪಾಯಿ. ಅಂದರೆ ನಾಲ್ಕು ಪಟ್ಟು ಹೆಚ್ಚಳ. ಇದೇ ಅವಧಿಯಲ್ಲಿ ಭಾರತದ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವು ಎಂಟು ಪಟ್ಟಿಗೂ ಹೆಚ್ಚಾಗಿದೆ. ಅಷ್ಟೇ ದಿರ್ಹಮ್ ಕಳುಹಿಸುವ ಮನೆಯ ಕೊಳ್ಳುವ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗಿದೆ ಎಂದೇ ಇದರ ಅರ್ಥ. ವೇತನ ಏರದ ಕಾರ್ಮಿಕನಿಗೆ ವಿನಿಮಯ ದರವೊಂದೇ ಆಸರೆಯಾಗಲಾರದು. ರೂಪಾಯಿ ಸಾಲ ಮಾಡಿ ವಿದೇಶಕ್ಕೆ ತೆರಳಿದವನಿಗೆ ಕುಸಿತದಿಂದ ಸಾಲದ ಹೊರೆ ಹಗುರವಾಗುತ್ತದೆ. ಉಳಿತಾಯವನ್ನು ಊರಿನ ರೂಪಾಯಿ ಠೇವಣಿಯಲ್ಲಿ ಇಟ್ಟವನಿಗೆ ಅದೇ ಕುಸಿತ ನಷ್ಟ.

ರಿಸರ್ವ್ ಬ್ಯಾಂಕಿನ ಸಮೀಕ್ಷೆಗಳ ಪ್ರಕಾರ ಭಾರತಕ್ಕೆ ಬರುವ ಹಣ ರವಾನೆಯಲ್ಲಿ ಯುಎಇಯ ಪಾಲು 2016-17ರಲ್ಲಿ ಶೇ. 26.9 ಇದ್ದುದು 2023-24ರಲ್ಲಿ ಶೇ. 19.2ಕ್ಕೆ ಇಳಿದು, ಅಮೆರಿಕ ಮೊದಲ ಸ್ಥಾನಕ್ಕೆ ಬಂದಿದೆ.

ಸ್ಥಳೀಯ ಕರೆನ್ಸಿಯಲ್ಲಿ ಪಾವತಿ

2023ರ ಜುಲೈ 15ರಂದು ರಿಸರ್ವ್ ಬ್ಯಾಂಕ್ ಮತ್ತು ಯುಎಇ ಕೇಂದ್ರ ಬ್ಯಾಂಕುಗಳು ರೂಪಾಯಿ ಹಾಗೂ ದಿರ್ಹಮ್‌ಗಳಲ್ಲೇ ವ್ಯವಹಾರ ಇತ್ಯರ್ಥಪಡಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಮರುತಿಂಗಳು ಇಂಡಿಯನ್ ಆಯಿಲ್ ಸಂಸ್ಥೆಯು ಅಬುಧಾಬಿಯ ಅಡ್ನಾಕ್ ಕಂಪನಿಯಿಂದ 10 ಲಕ್ಷ ಬ್ಯಾರೆಲ್ ಕಚ್ಚಾ ತೈಲವನ್ನು ರೂಪಾಯಿ ಪಾವತಿಸಿ ಖರೀದಿಸಿತು. ಇದೇ ಅಡ್ನಾಕ್ 2018ರಿಂದ ಮಂಗಳೂರಿನ ಭೂಗತ ತೈಲ ಸಂಗ್ರಹಾಗಾರದಲ್ಲಿ ತನ್ನ ತೈಲವನ್ನು ಇರಿಸಿದೆ. ಹೊಸ ವ್ಯವಸ್ಥೆಯಿಂದ ಎರಡು ಬಾರಿ ಕರೆನ್ಸಿ ಬದಲಿಸುವ ವೆಚ್ಚ ಉಳಿಯಬಹುದು. ಆದರೆ ದಿರ್ಹಮ್ ಡಾಲರಿಗೆ ಜೋಡಣೆಗೊಂಡಿರುವವರೆಗೆ, ಪಾವತಿ ಯಾವ ಕರೆನ್ಸಿಯಲ್ಲಿ ನಡೆದರೂ ದರವನ್ನು ನಿರ್ಧರಿಸುವುದು ಡಾಲರಿನ ಎದುರು ರೂಪಾಯಿಯ ಸ್ಥಿತಿಯೇ.