ವರದಿ ನಾರ್ಮಲ್, ಹೊಟ್ಟೆ ಅಲ್ಲ

ಪಾವಗಡದಿಂದ ಮಧುಗಿರಿ, ಕೊರಟಗೆರೆ ಹಾದು ತುಮಕೂರಿಗೆ ಹೋಗುವ ಬೆಳಗಿನ ಬಸ್ಸಿಗೆ ಏನೂ ತಿನ್ನದೆ, ಕಾಫಿಯನ್ನೂ ಕುಡಿಯದೆ ಹತ್ತುವವರಿದ್ದಾರೆ. ವ್ರತವಲ್ಲ, ಭಯ. ದಾರಿಯಲ್ಲಿ ಹೊಟ್ಟೆ ನುಲಿದು ಅವಸರವಾದರೆ ಇಳಿಯುವುದೆಲ್ಲಿ? ಗಂಡಸರಾದರೆ ಡ್ರೈವರನ್ನು ಕೇಳಿ ಬೇಲಿಯ ಮರೆ ಹುಡುಕಿಯಾರು, ಹೆಂಗಸರು ಹಲ್ಲು ಕಚ್ಚಿ ಕೂರಬೇಕು. ಹೆದರಿದಷ್ಟೂ ಕರುಳಿನ ಅವಸರ ಜಾಸ್ತಿ. ಊರಿನಲ್ಲಿ ‘ಗ್ಯಾಸು’ ಎನ್ನುವ ಈ ತೊಂದರೆ ಎಷ್ಟೋ ಸಲ ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್.

ಸ್ಕ್ಯಾನಿಂಗ್, ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ನಾರ್ಮಲ್ ಬಂದ ಮೇಲೆ ಇವರಿಗೆ ಸಿಗುವ ಮಾತು ಒಂದೇ: ‘ನಿಮಗೇನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ.’ ಇದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಕೆಡುಕೂ ಹೆಚ್ಚು. ನೋವು ಕಲ್ಪನೆಯಲ್ಲ. ಕರುಳಿನೊಳಗೆ ಸಣ್ಣ ಬಲೂನು ಉಬ್ಬಿಸಿ ನೋಡಿದ ಬ್ರಿಟನ್ನಿನ 1973ರ ಪ್ರಯೋಗದಲ್ಲಿ, ಉಳಿದವರಲ್ಲಿ ಹೆಚ್ಚಿನವರಿಗೆ ನೋವಾಗದಷ್ಟು ಉಬ್ಬಿಗೇ ಈ ರೋಗಿಗಳಲ್ಲಿ ಬಹಳ ಮಂದಿಗೆ ನೋವಾಯಿತು. ಆಸ್ಟ್ರೇಲಿಯಾದಲ್ಲಿ 12 ವರ್ಷದ ಅಂತರದಲ್ಲಿ ಅದೇ ಜನರನ್ನು ಮತ್ತೆ ವಿಚಾರಿಸಿದಾಗ ಕಂಡದ್ದು ಇನ್ನೂ ಮುಖ್ಯ: ಆತಂಕವಿದ್ದವರಲ್ಲಿ ಮುಂದೆ ಹೊಟ್ಟೆಯ ತೊಂದರೆ ಹೆಚ್ಚಾಗಿ ಹುಟ್ಟಿತ್ತು, ಹೊಟ್ಟೆ ಕೆಟ್ಟಿದ್ದವರಲ್ಲಿ ಆತಂಕ. ದಾರಿ ಎರಡೂ ಕಡೆಯಿಂದ ಇದೆ.

ಆಸ್ಪತ್ರೆ ‘ಏನೂ ಇಲ್ಲ’ ಎಂದಾಗ ಈ ಕಡೆ ಕೆಲವರು ಮದ್ದು ತೆಗೆಸಲು ಹೋಗುತ್ತಾರೆ. ಊಟದಲ್ಲಿ ಯಾರೋ ಮದ್ದು ಹಾಕಿದ್ದಾರೆ, ಅದು ಹೊಟ್ಟೆಯಲ್ಲಿ ಕೂತಿದೆ ಎಂಬುದು ಹಳೇ ಮೈಸೂರು ಸೀಮೆಯ ಗಟ್ಟಿ ನಂಬಿಕೆ. ಕಷಾಯ ಕುಡಿಸಿ ವಾಂತಿ ಮಾಡಿಸುತ್ತಾರೆ, ಬಂದದ್ದನ್ನು ತೋರಿಸುತ್ತಾರೆ. ವಿದ್ಯೆಯಾಗಿ ಇದು ಸುಳ್ಳು. ಅದಕ್ಕಿಂತ ಹೆಚ್ಚಾಗಿ, ಅತ್ತೆಯ ಮೇಲೋ ಓರಗಿತ್ತಿಯ ಮೇಲೋ ಅನುಮಾನ ಹುಟ್ಟಿಸಿ ಮನೆ ಒಡೆಯುತ್ತದೆ. ಆದರೂ ಮದ್ದು ತೆಗೆಯುವವನು ಕೇಳುವ ಪ್ರಶ್ನೆ ಸರಿಯಾದದ್ದು: ‘ಮನೇಲಿ ಯಾರ ಜೊತೆ ಆಗಲ್ಲ?’ ಬಿಳಿ ಕೋಟು ಆ ಪ್ರಶ್ನೆಯನ್ನು ಕೇಳುವುದಿಲ್ಲ. ಶಿರಾ, ಪಾವಗಡದ ಕಡೆ ಸಾಲ ಮಾಡಿ ಕೊರೆಸಿದ ಬೋರ್‌ವೆಲ್ ಫೇಲಾದ ಮನೆಯಲ್ಲಿ, ಸಂಘದ ಕಂತಿನ ಹಿಂದಿನ ರಾತ್ರಿ ಹೊಟ್ಟೆ ತೊಳಸುತ್ತದೆಯೇ ಎಂದು ಕೇಳಲು ಯಾವ ಯಂತ್ರವೂ ಬೇಡ.

ಒಂದು ಎಚ್ಚರ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಐವತ್ತರ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವಿದ್ದರೆ ಮನಸ್ಸಿನ ಮಾತು ಆಮೇಲೆ, ಮೊದಲು ಪರೀಕ್ಷೆ.

ಇಲ್ಲದಿದ್ದರೆ ನಾರ್ಮಲ್ ವರದಿ ಬಂದಲ್ಲಿಂದಲೇ ಚಿಕಿತ್ಸೆ ಶುರುವಾಗಬೇಕು. ಆಪ್ತಸಮಾಲೋಚನೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ; 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಔಷಧವೂ ಇದೆ. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಐಬಿಎಸ್ ತಗ್ಗುತ್ತದೆಂದು 463 ರೋಗಿಗಳ ಬ್ರಿಟಿಷ್ ಅಧ್ಯಯನ 2023ರಲ್ಲಿ ತೋರಿಸಿತು. ಕರುಳಿನಿಂದ ಮಿದುಳಿಗೆ ಹೋಗುವ ನೋವಿನ ಸುದ್ದಿಯನ್ನು ಅದು ತಗ್ಗಿಸುತ್ತದೆ ಎಂದು ಡಾಕ್ಟರು ಎರಡು ನಿಮಿಷ ಕೂತು ಹೇಳಬೇಕು. ಹೇಳದೆ ಚೀಟಿ ಬರೆದುಕೊಟ್ಟರೆ, ಮೆಡಿಕಲ್ ಸ್ಟೋರಿನ ಹುಡುಗ ‘ಇದು ತಲೆಗೆ ಕೊಡೋದು’ ಅಂದದ್ದೇ ತಡ, ರೋಗಿ ಮಾತ್ರೆ ಬಿಟ್ಟು ಮತ್ತೊಂದು ಸ್ಕ್ಯಾನಿಂಗ್ ಮಾಡಿಸಲು ಹೊರಡುತ್ತಾನೆ.