ಹಾರ ಸಾಕು, ಕಾಗದ ಓದಿಕೊಡಿ

ಪುಣೆಗೆ ಬಂದು 31 ವರ್ಷವಾಯಿತು. ಅದರಲ್ಲಿ 9 ವರ್ಷ ಕಂಟೋನ್ಮೆಂಟ್ ಕಡೆಯ ಒಂದು ಶಾಖೆಯಲ್ಲಿ ಪಿಂಚಣಿ ಕೌಂಟರಿನ ಹಿಂದೆ ಕೂತಿದ್ದೆ. ನವೆಂಬರ್ ಬಂತೆಂದರೆ ಜೀವಿತ ಪ್ರಮಾಣಪತ್ರ ಕೊಡಲು ಮಾಜಿ ಸೈನಿಕರ ಸಾಲು ಬಾಗಿಲು ದಾಟಿ ಫುಟ್‌ಪಾತಿನವರೆಗೂ ಹೋಗುತ್ತಿತ್ತು. ನಮ್ಮ ಕಡೆಯವರೂ ಇರುತ್ತಿದ್ದರು. ಬೆಳಗಾವಿ, ವಿಜಯಪುರ, ಗದಗ. ನನ್ನ ಬಾಯಲ್ಲಿ ಕನ್ನಡ ಕೇಳಿದ ಕೂಡಲೇ ಅವರ ಮುಖ ಅರಳುತ್ತಿತ್ತು. ‘ಯಾವೂರ್ರಿ ಸಾಹೇಬ್ರ?’ ಅನ್ನುವುದು, ಮಳೆ ಹೇಗಿದೆ ಎಂದು ನಾನು ಕೇಳುವುದು, ಅಂಗೈ ಹೊಸೆಯುತ್ತ ಅವರು ಹೊರಡುವುದು. ಅಷ್ಟೇ. ಅವರ ಪಿಂಚಣಿ ಆದೇಶದಲ್ಲಿ ಮೊತ್ತ ಬರೆದ ಸಾಲನ್ನು ಬಿಟ್ಟು ಬೇರೇನನ್ನೂ ನಾನು ಓದಲಿಲ್ಲ. ಎಂ.ಕಾಂ. ಮಾಡಿದವನು, ಲೆಕ್ಕ ತಪ್ಪದಿದ್ದರೆ ಕೆಲಸ ಮುಗಿಯಿತು ಎಂದುಕೊಂಡವನು.

ಓದಬೇಕಿತ್ತು ಎಂದು ತಿಳಿದದ್ದು ನಿವೃತ್ತಿಯ ನಂತರ, ನಮ್ಮ ಸೊಸೈಟಿಯ ಗೇಟಿನಲ್ಲಿ. ರಾತ್ರಿ ಪಾಳಿಯ ಕಾವಲುಗಾರ ವಿಜಯಪುರ ಜಿಲ್ಲೆಯವ, 17 ವರ್ಷ ಸೈನ್ಯದಲ್ಲಿದ್ದು 2010ರಲ್ಲಿ ಹೊರಬಂದವ. ಒಂದು ದಿನ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ತಂದು, ‘ಇದರಾಗ ಏನೈತಿ ನೋಡ್ರಿ’ ಅಂದ. ಬಿಡುಗಡೆಯ ಮೊದಲು ನಡೆದ ವೈದ್ಯಕೀಯ ಮಂಡಳಿಯ ವರದಿ. ರಕ್ತದೊತ್ತಡ, ಶೇ. 30 ಅಂಗವೈಕಲ್ಯ, ಜೀವಮಾನಕ್ಕೆ. ಅದರ ಕೆಳಗೆ ಒಂದೇ ಸಾಲು: ನೈದರ್ ಆಟ್ರಿಬ್ಯೂಟಬಲ್ ಟು ನಾರ್ ಅಗ್ರವೇಟೆಡ್ ಬೈ ಮಿಲಿಟರಿ ಸರ್ವೀಸ್. ಅಂದರೆ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಯಾಕೆ ಅಲ್ಲ ಎಂಬುದಕ್ಕೆ ಕಾರಣವಾಗಿ ಬರೆದದ್ದು, ಕಾಯಿಲೆ ಕಾಣಿಸಿಕೊಂಡಾಗ ಅವನು ಶಾಂತಿ ಠಾಣೆಯಲ್ಲಿದ್ದ ಎಂದು. ಅದಕ್ಕೆ ಮುಂಚೆ ಎರಡು ಸಲ ಹಿಮದಲ್ಲಿ ಕಳೆದದ್ದು ಲೆಕ್ಕಕ್ಕೇ ಇಲ್ಲ. ಕೆಳಗೆ ಅವನ ಸಹಿ. ‘ಇಂಗ್ಲಿಷ್‌ನಾಗ ಇತ್ರಿ, ಸಹಿ ಮಾಡು ಅಂದ್ರು, ಮಾಡಿದೆ.’

ಈ ಒಂದು ಸಾಲಿನ ಬೆಲೆ ಎಷ್ಟು? ಬ್ಯಾಂಕಿನವನ ಚಟ, ಲೆಕ್ಕ ಹಾಕಿ ತೋರಿಸುತ್ತೇನೆ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30 ಸಿಗುತ್ತದೆ. ಕೊನೆಯ ವೇತನ 20,000 ಅಂತ ಇಟ್ಟುಕೊಳ್ಳಿ, ಪೂರ್ತಿ ಮೊತ್ತ 6,000. ಶೇ. 30 ಆದರೆ 1,800. ಆದರೆ ಶೇ. 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದೇ ಹಿಡಿಯುವ ಪದ್ಧತಿ ಇದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಆಗ 3,000, ಮೇಲೆ ತುಟ್ಟಿಭತ್ಯೆ. ತಿಂಗಳು ತಿಂಗಳು, ಸಾಯುವವರೆಗೆ. ಗೇಟಿನಲ್ಲಿ ರಾತ್ರಿ ಎಚ್ಚರ ಕೂರುವವನಿಗೆ ಇದು ಸಣ್ಣ ದುಡ್ಡಲ್ಲ.

ಕಾನೂನು ಅವನ ಕಡೆಗೇ ಇದೆ, ಸಿಟ್ಟು ಬರುವುದು ಅದಕ್ಕೇ. 1982ರ ನಿಯಮಗಳ ಪ್ರಕಾರ, ಭರ್ತಿಯಾಗುವಾಗ ವೈದ್ಯರು ಯಾವ ಕಾಯಿಲೆಯನ್ನೂ ಬರೆದಿಟ್ಟಿಲ್ಲವಾದರೆ ಆತ ಆರೋಗ್ಯವಂತನಾಗಿಯೇ ಒಳಗೆ ಹೋದ ಎಂದು ತಿಳಿಯಬೇಕು. ಆಮೇಲೆ ಕೆಟ್ಟದ್ದು ಸೇವೆಯಿಂದ ಕೆಟ್ಟದ್ದು. ರುಜುವಾತಿನ ಹೊರೆ ಸೈನಿಕನ ಮೇಲಿಲ್ಲ, ಸಂಶಯದ ಲಾಭ ಅವನಿಗೆ. ಸಿಗ್ನಲ್ಸ್ ದಳದ ಸಿಪಾಯಿ ಧರಮ್‌ವೀರ್ ಸಿಂಗ್ ಅವರನ್ನು 9 ವರ್ಷದ ಸೇವೆಯ ನಂತರ 1994ರಲ್ಲಿ ಅಪಸ್ಮಾರದ ಕಾರಣಕ್ಕೆ ಮನೆಗೆ ಕಳಿಸಿದ್ದರು. ಇದನ್ನೆಲ್ಲ ಬಿಡಿಸಿ ಹೇಳಿ ಸುಪ್ರೀಂ ಕೋರ್ಟು ಅವರಿಗೆ ನ್ಯಾಯ ಕೊಟ್ಟದ್ದು 2013ರಲ್ಲಿ. ನಡುವೆ 19 ವರ್ಷ. ಒಬ್ಬ ಸಿಪಾಯಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದ ಮೇಲಾದರೂ ಉಳಿದವರಿಗೆ ತಾನಾಗಿ ಸಿಗಬೇಡವೇ? ನಮ್ಮ ಬ್ಯಾಂಕಿನಲ್ಲಿ ಒಬ್ಬ ಗ್ರಾಹಕನಿಗೆ ಬಡ್ಡಿ ತಪ್ಪು ಹಾಕಿದ್ದು ಗೊತ್ತಾದರೆ, ಅಂಥ ಖಾತೆಗಳನ್ನೆಲ್ಲ ಹುಡುಕಿ ಸರಿಮಾಡಿ ಎಂದು ಸರ್ಕ್ಯುಲರ್ ಬರುತ್ತಿತ್ತು. ಇಲ್ಲಿ ಹಾಗಿಲ್ಲ. ಪ್ರತಿಯೊಬ್ಬನೂ ತನ್ನ ಮೊಕದ್ದಮೆ ತಾನೇ ಹೂಡಬೇಕು.

ಗೆದ್ದರೂ ಮುಗಿಯುವುದಿಲ್ಲ. ಇಂಥ ಅಪೀಲುಗಳನ್ನು ಹಿಂತೆಗೆದುಕೊಳ್ಳಿ ಎಂದು ಮನೋಹರ್ ಪರ್ರಿಕರ್ ಅವರು 2015ರಲ್ಲಿ ನೇಮಿಸಿದ ತಜ್ಞರ ಸಮಿತಿಯೇ ಹೇಳಿತ್ತು. 2023ರ ಮಾರ್ಚಿನಲ್ಲಿ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟು ಹೇಳಿದ್ದೇ ತಡ, ಸೈನಿಕನಿಗೆಂದು ತೆರೆದ ಬಾಗಿಲಲ್ಲಿ ಸರ್ಕಾರವೇ ನುಗ್ಗಿತು. 2025ರಲ್ಲಿ ದೆಹಲಿ ಹೈಕೋರ್ಟು ಇಂಥ ಸುಮಾರು 300 ಅರ್ಜಿಗಳನ್ನು ಒಟ್ಟಿಗೆ ವಜಾ ಮಾಡಬೇಕಾಯಿತು. ಆ ವಕೀಲರ ಫೀಸು ಯಾರ ದುಡ್ಡು? ನಿಮ್ಮದು, ನನ್ನದು.

ಸುಳ್ಳು ಬಿ.ಪಿ., ಸುಳ್ಳು ಸಕ್ಕರೆ ಕಾಯಿಲೆ ಹೇಳಿ ಪಿಂಚಣಿ ಹೊಡೆಯುವವರೂ ಇದ್ದಾರಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೆ ಮಹಾಲೇಖಪಾಲರ 2023ರ ವರದಿ ನೋಡಿ. ಅಂಗವೈಕಲ್ಯ ಪಿಂಚಣಿಯೊಂದಿಗೆ ನಿವೃತ್ತರಾಗುವವರ ಪ್ರಮಾಣ ಅಧಿಕಾರಿಗಳಲ್ಲಿ ಜವಾನರಿಗಿಂತ ದುಪ್ಪಟ್ಟು. ಕಾಗದ ಓದಬಲ್ಲವನಿಗೆ ಸಿಗುತ್ತದೆ, ಓದಲಾರದವನಿಗೆ ಸಿಗುವುದಿಲ್ಲ ಎಂದೇ ನನಗೆ ಇದರಲ್ಲಿ ಕಾಣುವುದು. ಕಳ್ಳರಿದ್ದರೆ ಹಿಡಿಯಿರಿ. ಅದಕ್ಕಾಗಿ ಸಿಪಾಯಿಯನ್ನು ಕೋರ್ಟಿನ ಮೆಟ್ಟಿಲ ಮೇಲೆ ಕೂರಿಸಬೇಡಿ. 2023ರ ಸೆಪ್ಟೆಂಬರ್ 21ರ ನಂತರ ಹೊರಬರುವವರಿಗೆ ಬೇರೆ ನಿಯಮಗಳು ಬಂದಿವೆ, ಹೆಸರುಗಳೂ ಬದಲಾಗಿವೆ. ಅವರಂತೂ ಸಹಿ ಮಾಡುವ ಮುಂಚೆ ಎರಡು ಸಲ ಓದಿಸಿಕೊಳ್ಳಬೇಕು.

ಈಗ ಊರಿನವರಿಗೆ ಒಂದು ಮಾತು. ಸಿಟ್ಟು ಮಾಡಿಕೊಳ್ಳಬೇಡ್ರಿ. ನಿವೃತ್ತನಾಗಿ ಬಂದವನನ್ನು ತೆರೆದ ಜೀಪಿನಲ್ಲಿ ಕೂರಿಸಿ, ಹಾರ ಹಾಕಿ, ಫ್ಲೆಕ್ಸ್ ಕಟ್ಟಿ ಮೆರವಣಿಗೆ ಮಾಡುತ್ತೀರಿ. ಮಾಡಿ, ಬೇಡವೆನ್ನುವುದಿಲ್ಲ. ಮರುದಿನ ಅವನ ಟ್ರಂಕಿನಲ್ಲಿರುವ ಕಾಗದಗಳನ್ನು ಕೂತು ಓದಿಕೊಡುವವರು ಊರಲ್ಲಿ ಒಬ್ಬರಾದರೂ ಇದ್ದಾರೆಯೇ? ನ್ಯಾಯಮಂಡಳಿಯ ಪೀಠಗಳನ್ನು ಹಂಚಿದಾಗ ಚೆನ್ನೈಗೆ ಬಂತು, ಕೊಚ್ಚಿಗೆ ಬಂತು, ಮುಂಬಯಿಗೆ ಬಂತು. ಬೆಂಗಳೂರಿಗೆ ಬರಲಿಲ್ಲ. ಯಾವ ಸಂಘಟನೆ ಅದಕ್ಕಾಗಿ ಬಂದ್ ಮಾಡಿತು? ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯಲ್ಲೇ ಇದೆ, ಅದಕ್ಕೆ ಪ್ರಮಾಣಪತ್ರ ಬೇಕು. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ. 2025ರ ಜುಲೈನಲ್ಲಿ ಸೈನಿಕರ ಕುಟುಂಬಗಳಿಗಾಗಿ ವೀರ ಪರಿವಾರ ಸಹಾಯತಾ ಯೋಜನೆ ಅಂತಲೂ ಶುರುವಾಗಿದೆ, ಸೈನಿಕ ಮಂಡಳಿಗಳಲ್ಲೇ ನೆರವು ಕೇಂದ್ರ. ಹೆಸರು ಚೆನ್ನಾಗಿದೆ. ಅಲ್ಲಿ ಕೂರುವ ವಕೀಲರಿಗೆ ವೈದ್ಯಕೀಯ ಮಂಡಳಿಯ ವರದಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಬರಬೇಕು, ಇಲ್ಲದಿದ್ದರೆ ಅದೂ ಒಂದು ಬೋರ್ಡು ಅಷ್ಟೇ. ಹೋಗಿ ಕೇಳಿ. ಕೇಳುವವರಿಲ್ಲದ ಕಡೆ ಏಜೆಂಟರು ಹುಟ್ಟುತ್ತಾರೆ. ನಮ್ಮ ಕಾವಲುಗಾರನ ಹತ್ತಿರ ಒಬ್ಬ ಬಂದಿದ್ದ: 15,000 ಮುಂಗಡ, ಬಂದ ಬಾಕಿಯಲ್ಲಿ ಅರ್ಧ. ಮುಂಗಡ ತೆಗೆದುಕೊಂಡವನ ಫೋನು ಆಮೇಲೆ ಹತ್ತಲೇ ಇಲ್ಲ.

ಅವನು ತಡಮಾಡಿದ್ದಂತೂ ನಿಜ. ಒಳಗಿನ ಮೇಲ್ಮನವಿಗೆ ಆರು ತಿಂಗಳು, ನ್ಯಾಯಮಂಡಳಿಗೂ ಆರು ತಿಂಗಳು ಎಂದಿದೆ. ಆದರೆ ಪಿಂಚಣಿ ತಿಂಗಳು ತಿಂಗಳು ತಪ್ಪುವ ಅನ್ಯಾಯವಾದ್ದರಿಂದ, ತಡವಾಗಿ ಹೋದವನಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಹಿಂದಿನ ಬಾಕಿ ಮಾತ್ರ ಸಾಮಾನ್ಯವಾಗಿ ಮೂರು ವರ್ಷದ್ದು ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳುತ್ತದೆ. ಅದನ್ನು ವಿವರಿಸಿದಾಗ ಅವನು ಬೆರಳು ಮಡಚಿ ಎಣಿಸಿದ. ಅವನಿಗೆ ನಾನೇ ಹಣ ಕೊಡಬೇಕೇನೋ ಎಂಬಂತೆ ತಲೆ ತಗ್ಗಿಸಿ ಕೂತಿದ್ದೆ. ಅಂಥ ಎಷ್ಟು ಜನರ ಆದೇಶಗಳು 9 ವರ್ಷ ನನ್ನ ಮೇಜಿನ ಮೇಲೆ ಹಾದುಹೋದವೋ.

ಈಗ ಅವನು ವಾಸವಿರುವುದು ಪುಣೆಯಲ್ಲಾದ್ದರಿಂದ ಮುಂಬಯಿ ಪೀಠದಲ್ಲಿ ಅರ್ಜಿ ಹಾಕಿದ್ದೇವೆ. ಪ್ರತಿಗಳನ್ನು ಜೋಡಿಸಿದವನು ನಾನು, ಪುಟಕ್ಕೆ ನಂಬರ್ ಹಾಕಿದ್ದು ನನ್ನ ಹೆಂಡತಿ. ತಾರೀಖಿನ ದಿನ ಬೆಳಿಗ್ಗೆ ಅವನು ರಾತ್ರಿ ಪಾಳಿ ಮುಗಿಸಿ, ಗೇಟಿನ ನಲ್ಲಿಯಲ್ಲೇ ಮುಖ ತೊಳೆದು ರೈಲು ಹಿಡಿಯುತ್ತಾನೆ. ಹೋಗುವ ಮುಂಚೆ ನನ್ನ ಮನೆಯ ಗಂಟೆ ಒತ್ತಿ ಚೀಲ ತೋರಿಸುತ್ತಾನೆ, ಎಲ್ಲ ಹಾಳೆ ಇವೆಯೋ ಇಲ್ಲವೋ ಇನ್ನೊಮ್ಮೆ ನೋಡಿಬಿಡ್ರಿ ಎಂದು.